ಪಂಜರದ ಹಕ್ಕಿಗೆ ತಿಂಡಿ: ಯಾವುದು ಹಿತ, ಯಾವುದು ಅಪಾಯ?

ಪ್ರಶ್ನೆ: ನಮ್ಮ ಮನೆಯಲ್ಲಿ ಒಂದು ಜೋಡಿ ಬಡ್ಜಿ ಹಕ್ಕಿಗಳಿವೆ. ಅಂಗಡಿಯಿಂದ ತಂದ ಕಾಳಿನ ಮಿಶ್ರಣವೇ ಅವುಗಳ ಊಟ. ಸಂಜೆ ಮಕ್ಕಳು ಚಕ್ಕುಲಿ, ಬಿಸ್ಕತ್ತು, ನೆಲಗಡಲೆ ಎಂದು ತಮ್ಮ ಕೈಯಲ್ಲಿದ್ದುದನ್ನೆಲ್ಲ ಕೊಡುತ್ತಾರೆ, ಅವು ಆಸೆಯಿಂದ ತಿನ್ನುತ್ತವೆ. ಇದು ಸರಿಯೇ?
— ಓದುಗರು, ಮಲ್ಪೆ

ಉತ್ತರ: ಹಕ್ಕಿ ಆಸೆಯಿಂದ ತಿಂದಿತು ಎಂದ ಮಾತ್ರಕ್ಕೆ ಅದು ಹಕ್ಕಿಗೆ ಹಿತವೆಂದು ತಿಳಿಯಬಾರದು. ಬಡ್ಜಿಯ ಮೈತೂಕ ಸುಮಾರು 30ರಿಂದ 40 ಗ್ರಾಂ. ನಮಗೆ ಲೆಕ್ಕಕ್ಕೇ ಬಾರದ ಚಕ್ಕುಲಿಯ ಚೂರಿನಲ್ಲಿರುವ ಉಪ್ಪು, ಎಣ್ಣೆಗಳೂ ಅಷ್ಟು ಸಣ್ಣ ದೇಹಕ್ಕೆ ಹೊರೆಯಾಗುತ್ತವೆ. ಹಪ್ಪಳ, ಚಿಪ್ಸ್, ಬಿಸ್ಕತ್ತು, ಉಪ್ಪು ಹಾಕಿ ಹುರಿದ ಗೇರುಬೀಜ ಎಲ್ಲಕ್ಕೂ ಇದೇ ಮಾತು. ಚಾಕೊಲೇಟ್, ಕಾಫಿ, ಈರುಳ್ಳಿ, ಬೆಳ್ಳುಳ್ಳಿ ಮತ್ತು ಸೇಬಿನ ಬೀಜವನ್ನಂತೂ ಪಂಜರದ ಹತ್ತಿರಕ್ಕೂ ತರಬೇಡಿ.

ನೆಲಗಡಲೆಯ ವಿಚಾರವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಮ್ಮ ಕರಾವಳಿಯಲ್ಲಿ ಅದರ ಅಪಾಯ ಹೆಚ್ಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ, ಅದರಲ್ಲೂ ಆಟಿ ತಿಂಗಳ (ಜುಲೈ–ಆಗಸ್ಟ್ ನಡುವಿನ ತುಳು ತಿಂಗಳು) ತಂಡಿಯಲ್ಲಿ, ಕಾಳು ಬೇಳೆಗಳಿಗೆ ಬೂಷ್ಟು ಹಿಡಿಯಲು ಹೆಚ್ಚು ದಿನ ಬೇಕಾಗಿಲ್ಲ. ನೆಲಗಡಲೆಯ ಮೇಲೆ ಬೆಳೆಯುವ ಕೆಲವು ಬೂಷ್ಟುಗಳು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉತ್ಪಾದಿಸುತ್ತವೆ; ಅದು ಹಕ್ಕಿಯ ಯಕೃತ್ತನ್ನು ಹಾಳುಮಾಡುತ್ತದೆ. ಬೂಷ್ಟನ್ನು ಒರೆಸಿ ಬಿಸಿಲಿಗೆ ಹಾಕಿದರೂ, ಬಾಣಲೆಯಲ್ಲಿ ಹುರಿದರೂ ಆ ವಿಷ ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಮಳೆಗಾಲದಲ್ಲಿ ಕಾಳಿನ ಮಿಶ್ರಣವನ್ನು ಸ್ವಲ್ಪ ಸ್ವಲ್ಪವೇ ತಂದು, ಗಾಳಿಯಾಡದ ಡಬ್ಬಿಯಲ್ಲಿಟ್ಟು, ಮುಗ್ಗಲು ವಾಸನೆ ಬಂದ ದಿನವೇ ಬಿಸಾಡಿಬಿಡಿ. ದುಡ್ಡು ಹೋಯಿತೆಂದು ಮರುಗಬೇಡಿ.

ಕಾಳೊಂದನ್ನೇ ಊಟವಾಗಿಸುವುದೂ ಸರಿಯಲ್ಲ. ಅದರಿಂದ ಎ ಜೀವಸತ್ವ ಮತ್ತು ಕ್ಯಾಲ್ಸಿಯಂ ಕೊರತೆಯಾಗುತ್ತದೆ. ತೊಳೆದ ನುಗ್ಗೆಸೊಪ್ಪಿನ ಒಂದು ಗೊಂಚಲನ್ನು ನೀರು ಒರೆಸದೆ ಪಂಜರದ ಸರಿಗೆಗೆ ಕಟ್ಟಿ ನೋಡಿ: ಬಡ್ಜಿಗಳು ಮೊದಲು ಆ ಒದ್ದೆ ಎಲೆಗಳಿಗೆ ಮೈಯುಜ್ಜಿ ಸ್ನಾನ ಮಾಡಿ, ಆಮೇಲೆ ಒಂದೊಂದಾಗಿ ಎಲೆ ಕತ್ತರಿಸಿ ತಿನ್ನುವುದುಂಟು. ಕ್ಯಾರೆಟ್ ತುರಿ, ಪಪ್ಪಾಯಿ, ಪೇರಳೆಹಣ್ಣು ಒಳ್ಳೆಯವು. ಹರಿವೆ, ಬಸಳೆಗಳಲ್ಲಿ ಕ್ಯಾಲ್ಸಿಯಂ ಹೀರಿಕೆಯನ್ನು ತಡೆಯುವ ಆಕ್ಸಲೇಟ್ ಇರುವುದರಿಂದ ಅವು ಅಪರೂಪಕ್ಕೆ ಸಾಕು. ಹಣ್ಣು ಮತ್ತು ತಿಂಡಿಗಳೆಲ್ಲ ಸೇರಿ ದಿನದ ಆಹಾರದ ಹತ್ತನೇ ಒಂದು ಪಾಲನ್ನು ಮೀರದಿರಲಿ; ನಮ್ಮ ಸೆಕೆಗೆ ಹಣ್ಣು ಬೇಗ ಹುಳಿಯುವುದರಿಂದ ಉಳಿದುದನ್ನು ಎರಡು ಗಂಟೆಯೊಳಗೆ ತೆಗೆದುಬಿಡಿ.

ಕ್ಯಾಲ್ಸಿಯಂಗೆ ನಿಮ್ಮೂರಿನ ಕಡಲೇ ಇದೆ. ದಂಡೆಗೆ ಬಂದು ಬೀಳುವ, ದೋಣಿಯಾಕಾರದ ಬಿಳಿಯ ಕಪ್ಪೆಬಂಡಾಸಿನ (ಕಟ್ಲ್‌ಫಿಶ್ ಎಂಬ ಕಡಲಜೀವಿಯ) ಚಿಪ್ಪನ್ನು ಸಿಹಿನೀರಿನಲ್ಲಿ ಕೆಲವು ದಿನ ನೆನೆಸಿ, ದಿನವೂ ನೀರು ಬದಲಿಸಿ ಉಪ್ಪು ಬಿಡಿಸಿ, ಕುದಿಸಿ, ಚೆನ್ನಾಗಿ ಒಣಗಿಸಿ ಪಂಜರಕ್ಕೆ ಸಿಕ್ಕಿಸಬಹುದು. ಎಣ್ಣೆ, ಡಾಂಬರು ಮೆತ್ತಿದ ಚಿಪ್ಪನ್ನು ಮಾತ್ರ ಆರಿಸಬೇಡಿ.

ಪ್ರಶ್ನೆ: ನಮ್ಮ ಕಾಕಟೀಲ್ ಹಕ್ಕಿ ಕಳೆದ ವಾರ ನನ್ನ ಲೋಟದ ಅಂಚಿಗೆ ಅಂಟಿದ್ದ ಬೆಣ್ಣೆಹಣ್ಣಿನ ಜ್ಯೂಸನ್ನು ನೆಕ್ಕಿತು. ಏನೂ ಆಗಲಿಲ್ಲ. ಆಗಾಗ ಸ್ವಲ್ಪ ಕೊಡಬಹುದೇ?
— ಓದುಗರು, ಬಿಜೈ, ಮಂಗಳೂರು

ಉತ್ತರ: ದಯವಿಟ್ಟು ಇನ್ನೊಮ್ಮೆ ಕೊಡಬೇಡಿ. ಬೆಣ್ಣೆಹಣ್ಣಿನಲ್ಲಿ ಪರ್ಸಿನ್ ಎಂಬ ವಸ್ತುವಿದೆ. ಮನುಷ್ಯರಿಗೆ ಅದರಿಂದ ತೊಂದರೆಯಿಲ್ಲದಿದ್ದರೂ ಹಕ್ಕಿಯ ಹೃದಯದ ಸ್ನಾಯುವನ್ನು ಅದು ಘಾಸಿಗೊಳಿಸಿ, ಒಂದೆರಡು ದಿನಗಳಲ್ಲೇ ಪ್ರಾಣ ತೆಗೆಯಬಲ್ಲದು. ಹಣ್ಣಿನ ತಳಿ ಮತ್ತು ತಿಂದ ಪ್ರಮಾಣಕ್ಕೆ ತಕ್ಕಂತೆ ಪರಿಣಾಮ ಬದಲಾಗುವುದರಿಂದ, ಒಮ್ಮೆ ಪಾರಾದದ್ದನ್ನು ನಂಬಿ ಮುಂದುವರಿಯುವಂತಿಲ್ಲ. ಜ್ಯೂಸಿನಲ್ಲಿರುವ ಹಾಲೂ ಹಕ್ಕಿಗೆ ಜೀರ್ಣವಾಗುವುದಿಲ್ಲ, ಐಸ್‌ಕ್ರೀಮ್ ಕೂಡ ಹಾಗೆಯೇ. ಹಕ್ಕಿ ಗರಿ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕುಳಿತರೆ, ಉಸಿರಿಗೊಮ್ಮೆ ಬಾಲ ಮೇಲೆ ಕೆಳಗೆ ಆಡಿಸಿದರೆ ಮನೆಮದ್ದಿಗೆ ಹೊತ್ತು ಕಳೆಯದೆ ಪಶುವೈದ್ಯರ ಬಳಿಗೆ ಒಯ್ಯಿರಿ. ರೋಗವನ್ನು ಆದಷ್ಟು ಮುಚ್ಚಿಡುವುದು ಹಕ್ಕಿಯ ಸ್ವಭಾವವಾದ್ದರಿಂದ, ಲಕ್ಷಣ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಪ್ರೀತಿಯಿಂದ ತುಟಿಯಲ್ಲಿಟ್ಟು ತುತ್ತು ಕೊಡುವ ರೂಢಿಯಿದ್ದರೆ ಅದನ್ನೂ ಬಿಡಬೇಕು, ನಮ್ಮ ಬಾಯಿಯ ಬ್ಯಾಕ್ಟೀರಿಯಾ ಹಕ್ಕಿಗೆ ಸೋಂಕು ತರಬಹುದು.

ಪ್ರಶ್ನೆ: ನೆರೆಮನೆಯವರು ಸಾಕಿದ ಗಿಳಿಗೆ ದಿನವೂ ಮೆಣಸು ಕೊಡುತ್ತಾರೆ. ಮೆಣಸು ತಿಂದರೆ ಬೇಗ ಮಾತು ಬರುತ್ತದೆಯಂತೆ. ನಿಜವೇ?
— ಓದುಗರು, ಉಡುಪಿ

ಉತ್ತರ: ಮಾತಿಗೂ ಮೆಣಸಿಗೂ ಸಂಬಂಧವಿಲ್ಲ. ಮೆಣಸಿನ ಖಾರ ನಮಗೆ ಉರಿಸುವಂತೆ ಹಕ್ಕಿಗಳಿಗೆ ಉರಿಸುವುದಿಲ್ಲ, ಆದ್ದರಿಂದ ತಾಜಾ ಮೆಣಸು ನಿರಪಾಯಕಾರಿ. ಉಪ್ಪು ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದ ಬಾಳಕದ ಮೆಣಸು ಬೇಡ. ಆದರೆ ನಮ್ಮ ನಾಡಿನ ಕಾಡುಗಿಳಿಗಳನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಆಸ್ಟ್ರೇಲಿಯಾ ಮೂಲದ ಬಡ್ಜಿ, ಕಾಕಟೀಲ್‌ಗಳ ಮಾತು ಬೇರೆ. ಬಹಳ ಕಾಲ ಪಂಜರದಲ್ಲಿದ್ದ ಗಿಳಿಯನ್ನು ಏಕಾಏಕಿ ಹಾರಿಬಿಟ್ಟರೆ ಅದು ಆಹಾರ ಹುಡುಕಲಾರದೆ ಸಾಯಬಹುದು. ಆದ್ದರಿಂದ ನೆರೆಯವರಿಗೆ ವಿಷಯ ತಿಳಿಸಿ, ಅದನ್ನು ಅರಣ್ಯ ಇಲಾಖೆಗೆ ಒಪ್ಪಿಸುವಂತೆ ಹೇಳಿ.