ರೀಮ್ಯಾಪ್ ಆದ ಕಾರು, ಕೈಕೊಟ್ಟ ಟರ್ಬೊ: 'ವಾರಂಟಿ ಇಲ್ಲ' ಅಂದರೆ ಮುಂದೇನು?

ಕಾರಿಗೆ ಹೊರಗಿನದು ಏನಾದರೂ ಹಾಕಿಸಿ, ಆಮೇಲೆ ಸರ್ವಿಸ್ ಸೆಂಟರ್‌ನಲ್ಲಿ ಜಗಳಕ್ಕೆ ಬಿದ್ದವರ ಪತ್ರಗಳೇ ಈ ಸಲ ಜಾಸ್ತಿ ಬಂದಿವೆ. ಅವುಗಳಲ್ಲಿ ನಾಲ್ಕನ್ನು ಆರಿಸಿಕೊಂಡಿದ್ದೇನೆ. ನಾನು ಮೊದಲು ಎಂಜಿನ್ ಕೆಲಸ ಮಾಡಿದವನು, ಆಮೇಲೆ ವರ್ಷಗಟ್ಟಲೆ ಒಂದು ಡೀಲರ್‌ಶಿಪ್‌ನ ವಾರಂಟಿ ಮೇಜಿನ ಹಿಂದೆ ಕೂತವನು. 'ಇದಕ್ಕೆ ವಾರಂಟಿ ಬರಲ್ಲ' ಅಂತ ಹೇಳುವ ಕೆಲಸ ನನ್ನದೇ ಆಗಿತ್ತು. ಹಾಗಾಗಿ ಆ ಮೇಜಿನ ಹಿಂದೆ ಏನು ನಡೆಯುತ್ತದೆ ಅನ್ನುವುದನ್ನೂ ಸೇರಿಸಿಯೇ ಹೇಳುತ್ತೇನೆ.

ಪ್ರಶ್ನೆ: ನನ್ನದು ಟರ್ಬೊ ಪೆಟ್ರೋಲ್ ಕಾರು. ಎರಡು ವರ್ಷ ತುಂಬಿಲ್ಲ, 31 ಸಾವಿರ ಕಿಲೋಮೀಟರ್ ಓಡಿದೆ. ಎಂಟು ತಿಂಗಳ ಹಿಂದೆ ರೀಮ್ಯಾಪ್ ಮಾಡಿಸಿದ್ದೆ, ಅಂದರೆ ಪವರ್ ಜಾಸ್ತಿಯಾಗಲಿ ಅಂತ ಎಂಜಿನ್ ಕಂಪ್ಯೂಟರ್‌ನ ಸಾಫ್ಟ್‌ವೇರ್ ಬದಲಿಸಿದ್ದೆ. ಹೋದ ವಾರ, ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಸೀಟಿ ಹೊಡೆಯಲು ಶುರುವಾಯಿತು, ಸೈಲೆನ್ಸರ್‌ನಿಂದ ನೀಲಿ ಹೊಗೆ ಬರುತ್ತಿದೆ. ಸರ್ವಿಸ್‌ಗೆ ಬಿಡುವ ಮೊದಲು ಹಳೇ ಸಾಫ್ಟ್‌ವೇರ್ ವಾಪಸ್ ಹಾಕಿಸಿದೆ. ಆದರೂ ಅವರಿಗೆ ಗೊತ್ತಾಗಿಬಿಟ್ಟಿತು. ಈಗ ಇಡೀ ಕಾರಿನ ವಾರಂಟಿಯೇ ಹೋಯಿತು ಅನ್ನುತ್ತಾರೆ. ಎಂಜಿನ್ ಬಿಚ್ಚಿ ನೋಡಲು ಸಹಿ ಹಾಕಿ ಅಂತಲೂ ಕೇಳುತ್ತಿದ್ದಾರೆ. ಏನು ಮಾಡಲಿ?

ಮೊದಲು ಸಹಿಯ ವಿಷಯ. ಇವತ್ತೇ ಹಾಕಬೇಡಿ. ಆ ಹಾಳೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ: ಕಂಪನಿ ಒಪ್ಪದಿದ್ದರೆ ಬಿಚ್ಚಿದ ಕೂಲಿ, ವಾಪಸ್ ಜೋಡಿಸುವ ಕೂಲಿ ಎರಡೂ ಮಾಲೀಕರದ್ದೇ. ಏನೇನು ಬಿಚ್ಚುತ್ತೀರಿ, ಎಲ್ಲಿಗೆ ನಿಲ್ಲಿಸುತ್ತೀರಿ, ಜಾಸ್ತಿ ಅಂದರೆ ಎಷ್ಟಾಗುತ್ತದೆ? ಈ ಮೂರನ್ನೂ ಬರೆಸಿಕೊಂಡ ಮೇಲೆ ಸಹಿ ಹಾಕಿ. ಟರ್ಬೊ ಬೇರಿಂಗ್ ಹೋಗಿದೆಯಾ ಅಂತ ನೋಡಲು ಎಂಜಿನ್ ಬಿಚ್ಚಬೇಕಿಲ್ಲ. ಗಾಳಿ ಒಳಗೆ ಹೋಗುವ ಪೈಪ್ ತೆಗೆದರೆ ಸಾಕು. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಒಳಗಿನ ಚಕ್ರದ ಮೂತಿಯನ್ನು ಎರಡು ಬೆರಳಲ್ಲಿ ಹಿಡಿದು ಆಚೀಚೆ ಅಲ್ಲಾಡಿಸಬೇಕು. ಕೂದಲೆಳೆಯಷ್ಟು ಆಟ ಇದ್ದರೆ ಅದು ಸಹಜ. ರೆಕ್ಕೆ ಗೋಡೆಗೆ ತಾಗಿದರೆ ಬೇರಿಂಗ್ ಕಥೆ ಮುಗಿದಿದೆ ಅಂತಲೇ ಅರ್ಥ. ಇದನ್ನು ನಿಮ್ಮ ಎದುರಿಗೇ ಮಾಡಿ ತೋರಿಸಲು ಹೇಳಿ. ಐದು ನಿಮಿಷದ ಕೆಲಸ.

ಹಳೇ ಸಾಫ್ಟ್‌ವೇರ್ ಹಾಕಿಸಿದರೂ ಹೇಗೆ ಗೊತ್ತಾಯಿತು ಅಂತ ನಿಮಗೆ ಆಶ್ಚರ್ಯ ಆಗಿರಬಹುದು. ಎಂಜಿನ್ ಕಂಪ್ಯೂಟರ್ ಆದ ಇಸಿಯುವಿಗೆ ಎಷ್ಟು ಸಲ ಸಾಫ್ಟ್‌ವೇರ್ ಬರೆಯಲಾಗಿದೆ ಅನ್ನುವ ಲೆಕ್ಕ ಬಹಳಷ್ಟು ಕಾರುಗಳಲ್ಲಿ ಒಳಗೇ ಉಳಿಯುತ್ತದೆ. ಕಂಪನಿಯ ದಾಖಲೆಯಲ್ಲಿ ಒಂದೇ ಸಲ ಅಂತಿದ್ದು, ಇಸಿಯು ಮೂರು ಸಲ ಅಂದರೆ ಮುಗಿಯಿತು. ಅದರ ಜೊತೆಗೆ ಪ್ರತಿ ಸಾಫ್ಟ್‌ವೇರ್‌ಗೂ ಬೆರಳಚ್ಚಿನ ಥರ ಒಂದು ತಾಳೆ ಸಂಖ್ಯೆ ಇರುತ್ತದೆ. ಒಳಗೆ ಒಂದು ಅಂಕಿ ಬದಲಾದರೂ ಅದು ಬದಲಾಗುತ್ತದೆ. ಫೋಕ್ಸ್‌ವ್ಯಾಗನ್, ಔಡಿ ಬಳಗದಲ್ಲಿ ಹೀಗೆ ಸಿಕ್ಕಿಬಿದ್ದ ಕಾರಿನ ದಾಖಲೆಗೆ 'ಟಿಡಿ1' ಅನ್ನುವ ಗುರುತು ಬೀಳುತ್ತದೆ. ಅದು ಆ ಒಂದು ವರ್ಕ್‌ಶಾಪ್‌ನಲ್ಲಿ ಮಾತ್ರ ಇರುವುದಿಲ್ಲ, ಬೇರೆ ಡೀಲರ್ ಹತ್ತಿರ ಹೋದರೂ ಕಾಣುತ್ತದೆ. ಆದ್ದರಿಂದ ಮುಚ್ಚಿಡುವ ದಾರಿಯನ್ನು ಇಲ್ಲಿಗೇ ಬಿಟ್ಟುಬಿಡಿ. ರೀಮ್ಯಾಪ್ ಮಾಡಿಸಿದ್ದೆ ಅಂತ ನೀವೇ ಹೇಳಿ. ಮೇಜಿನ ಹಿಂದೆ ಕೂತಿದ್ದಾಗ ನನಗೆ ರೀಮ್ಯಾಪ್ ಮಾಡಿಸಿದವರ ಮೇಲೆ ಕೋಪ ಬರುತ್ತಿರಲಿಲ್ಲ. ಇಲ್ಲ ಅಂತ ಸುಳ್ಳು ಹೇಳಿದವರ ಪರವಾಗಿ ಕಂಪನಿಗೆ ಪತ್ರ ಬರೆಯಲು ಮಾತ್ರ ಕೈ ಏಳುತ್ತಿರಲಿಲ್ಲ.

ಇನ್ನು 'ಇಡೀ ಕಾರಿನ ವಾರಂಟಿ ಹೋಯಿತು' ಅನ್ನುವ ಮಾತು. ನನ್ನ ಪ್ರಕಾರ ಇದು ತಪ್ಪು. ವಾರಂಟಿಯ ಜಗಳ ಯಾವತ್ತೂ ಒಂದೊಂದು ಭಾಗಕ್ಕೆ, ಒಂದೊಂದು ಕಾರಣಕ್ಕೆ ಸಂಬಂಧಪಟ್ಟದ್ದು. ರೀಮ್ಯಾಪ್‌ಗೂ ಕಿಟಕಿ ಏರಿಸುವ ಮೋಟಾರ್‌ಗೂ ಏನು ಸಂಬಂಧ? ಅಮೆರಿಕದಲ್ಲಿ 1975ರಲ್ಲಿ ಬಂದ ಮ್ಯಾಗ್ನಸನ್-ಮಾಸ್ ವಾರಂಟಿ ಕಾನೂನಿನ ಬಗ್ಗೆ ನೀವು ಓದಿರಬಹುದು. ಹೊರಗಿನ ಭಾಗ ಹಾಕಿಸಿದ್ದೀರಿ ಅನ್ನುವ ಒಂದೇ ನೆಪಕ್ಕೆ ವಾರಂಟಿ ತೆಗೆದುಹಾಕುವಂತಿಲ್ಲ ಅನ್ನುವುದಕ್ಕೆ ಅಲ್ಲಿನವರು ಅದನ್ನೇ ಹಿಡಿದುಕೊಳ್ಳುತ್ತಾರೆ. ಬೇರೆ ದೇಶಗಳಲ್ಲಿ ಕಾನೂನು ಬೇರೆ, ವಾರಂಟಿ ಪುಸ್ತಕದ ಮಾತೂ ಬೇರೆ. ನಿಮ್ಮ ಪುಸ್ತಕದ 'ಯಾವುದಕ್ಕೆ ಅನ್ವಯಿಸುವುದಿಲ್ಲ' ಅನ್ನುವ ಪುಟವನ್ನು ಒಂದು ಸಲ ಕೂತು ಓದಿ. ಬಹಳ ಪುಸ್ತಕಗಳಲ್ಲಿ 'ಮಾರ್ಪಾಡಿನಿಂದ ಉಂಟಾದ ದೋಷ' ಅಂತ ಇರುತ್ತದೆ. ಅದರಲ್ಲಿ 'ಉಂಟಾದ' ಅನ್ನುವ ಪದದ ಮೇಲೆ ಬೆರಳಿಟ್ಟು ಮಾತಾಡಿ.

ಆದರೆ ಟರ್ಬೊ ವಿಷಯಕ್ಕೆ ಬಂದರೆ ನಿಮ್ಮ ವಾದ ಸುಲಭದ್ದಲ್ಲ. ಅದನ್ನೂ ನೇರವಾಗಿ ಹೇಳಲೇಬೇಕು. ರೀಮ್ಯಾಪ್‌ನಲ್ಲಿ ಸಾಮಾನ್ಯವಾಗಿ ಮೊದಲು ಏರಿಸುವುದೇ ಟರ್ಬೊದ ಒತ್ತಡವನ್ನು. ಸಣ್ಣ ಟರ್ಬೊದ ಚಕ್ರ ಮೊದಲೇ ನಿಮಿಷಕ್ಕೆ 2 ಲಕ್ಷ ಸುತ್ತಿನ ಆಸುಪಾಸಿನಲ್ಲಿ ತಿರುಗಬಲ್ಲದು. ಅದರ ಮೇಲೆ ಇನ್ನಷ್ಟು ವೇಗ, ಇನ್ನಷ್ಟು ಬಿಸಿ. ಅನುಮಾನ ಬರುವುದು ನ್ಯಾಯವೇ. ಆದರೆ ಅನುಮಾನ ಬೇರೆ, ಕಾರಣ ಬೇರೆ ಅಲ್ವಾ? ಕಾರಣವನ್ನು ಕೆಟ್ಟ ಟರ್ಬೊವೇ ಹೇಳುತ್ತದೆ. ಮಿತಿ ಮೀರಿ ತಿರುಗಿದ್ದರೆ ಗಾಳಿ ಎಳೆಯುವ ಚಕ್ರದ ಬೆನ್ನು ಕಿತ್ತಳೆ ಸಿಪ್ಪೆಯ ಹಾಗೆ ತರಿತರಿಯಾಗಿರುತ್ತದೆ. ಹೊರಗಿನ ಕಸ ಹೊಕ್ಕಿದ್ದರೆ ರೆಕ್ಕೆಯ ಅಂಚು ಚಕ್ಕೆ ಎದ್ದಿರುತ್ತದೆ. ಆಯಿಲ್ ಸಿಗದೆ ಸತ್ತಿದ್ದರೆ ಶಾಫ್ಟ್ ನೀಲಿಗಟ್ಟಿ, ಬೇರಿಂಗ್ ಕೂರುವ ಜಾಗದಲ್ಲಿ ಗೀರು ಬಿದ್ದಿರುತ್ತದೆ. ಆಯಿಲ್ ಬರುವ ಪೈಪ್‌ನಲ್ಲಿ ಅಡ್ಡ ಸಿಕ್ಕಿದ್ದು ಕಾರ್ಖಾನೆಯ ಸೀಲಿಂಗ್ ಅಂಟಿನ ಚೂರಾಗಿದ್ದರೆ ಅದಕ್ಕೂ ರೀಮ್ಯಾಪ್‌ಗೂ ಸಂಬಂಧ ಇಲ್ಲ. ಅಲ್ಲೇ ನಿಮ್ಮ ಆಯಿಲ್ ಬಿಲ್‌ಗಳೂ ಬೇಕಾಗುತ್ತವೆ. ಸರಿಯಾದ ಗ್ರೇಡ್, ಸರಿಯಾದ ಸಮಯ. ಹೊರಗಿನ ಗ್ಯಾರೇಜ್‌ನಲ್ಲಿ ಆಯಿಲ್ ಬದಲಿಸಿದ್ದರೆ ಆ ಬಿಲ್‌ಗಳನ್ನು ಇವತ್ತೇ ಹುಡುಕಿಟ್ಟುಕೊಳ್ಳಿ.

ಡೀಲರ್ ಯಾಕೆ ಇಷ್ಟು ಬೇಗ 'ಇಲ್ಲ' ಅಂದುಬಿಡುತ್ತಾರೆ ಗೊತ್ತಾ? ವಾರಂಟಿ ಕೆಲಸವನ್ನು ಮೊದಲು ಡೀಲರ್ ಮಾಡಿಕೊಡುತ್ತಾರೆ, ಆಮೇಲೆ ದುಡ್ಡನ್ನು ಕಂಪನಿಯಿಂದ ಕೇಳಿ ಪಡೆಯುತ್ತಾರೆ. ಕಂಪನಿ ಕೆಟ್ಟ ಭಾಗವನ್ನು ತರಿಸಿ ನೋಡಬಹುದು, ತಿಂಗಳುಗಳ ನಂತರ ಲೆಕ್ಕ ತಪಾಸಣೆಗೂ ಬರಬಹುದು. ಕ್ಲೇಮ್ ಸರಿಯಿಲ್ಲ ಅನ್ನಿಸಿದರೆ ಕೊಟ್ಟ ದುಡ್ಡನ್ನು ವಾಪಸ್ ಕಿತ್ತುಕೊಳ್ಳುತ್ತದೆ. ಆ ಹೆದರಿಕೆಯಲ್ಲಿ ಕೂತ ಸರ್ವಿಸ್ ಅಡ್ವೈಸರ್‌ಗೆ 'ಇಲ್ಲ' ಅನ್ನುವುದೇ ಸುಲಭ. ಅವರ ಮೇಲೆ ಕೂಗಾಡಿ ಪ್ರಯೋಜನ ಇಲ್ಲ. 'ನೀವು ನಿರ್ಧಾರ ಮಾಡಬೇಡಿ, ಫೋಟೊ ಸಮೇತ ಕಂಪನಿಯ ಎಂಜಿನಿಯರ್‌ಗೆ ಕಳಿಸಿ, ಅವರ ಉತ್ತರ ಲಿಖಿತವಾಗಿ ಕೊಡಿ' ಅನ್ನಿ. ಆ ಉತ್ತರದಲ್ಲಿ ಯಾವ ಭಾಗ ಕೆಟ್ಟಿದೆ, ಯಾಕೆ ಕೆಟ್ಟಿದೆ, ರೀಮ್ಯಾಪ್ ಅದನ್ನು ಹೇಗೆ ಕೆಡಿಸಿತು, ಮೂರೂ ಇರಬೇಕು. 'ಕಾರಿನಲ್ಲಿ ಮಾರ್ಪಾಡು ಕಂಡುಬಂದಿದೆ' ಅಂತ ಬರೆದುಕೊಟ್ಟರೆ ಒಪ್ಪಬೇಡಿ. ಅದರಲ್ಲಿ ಕಾರಣವೇ ಇಲ್ಲ.

ಕೊನೆಗೂ ರೀಮ್ಯಾಪ್‌ನಿಂದಲೇ ಅಂತ ಸಾಬೀತಾದರೆ ಜಗಳ ಬಿಟ್ಟು ಪಾಲು ಕೇಳಿ. ಭಾಗದ ಬೆಲೆ ನಿಮ್ಮದು, ಕೂಲಿ ನಮ್ಮದು ಅನ್ನುವ ಥರದ ಒಪ್ಪಂದ ಬಹಳ ಕಂಪನಿಗಳಲ್ಲಿ ನಡೆಯುತ್ತದೆ. ಕೇಳದವರಿಗೆ ಅದು ಸಿಗುವುದಿಲ್ಲ. ಕೆಟ್ಟ ಟರ್ಬೊವನ್ನು ಮಾತ್ರ, ದುಡ್ಡು ನೀವು ಕೊಟ್ಟಿದ್ದರೆ, ಮರೆಯದೆ ಮನೆಗೆ ತನ್ನಿ.

ಪ್ರಶ್ನೆ: ಹೆಡ್‌ಲೈಟ್ ಬೆಳಕು ಸಾಲದು ಅಂತ 100 ವ್ಯಾಟ್ ಬಲ್ಬ್ ಹಾಕಿಸಿದೆ. ಆರು ತಿಂಗಳಲ್ಲಿ ಬಲ್ಬ್‌ಗೆ ವೈರ್ ಸೇರಿಸುವ ಪ್ಲಾಸ್ಟಿಕ್ ಕಪ್ಲರ್ ಕರಗಿತು. ಅದೇ ಹೊತ್ತಿಗೆ ಟಚ್‌ಸ್ಕ್ರೀನ್ ಕೂಡ ಆಗಾಗ ಆಫ್ ಆಗುತ್ತಿದೆ. ಬಲ್ಬ್ ಬದಲಿಸಿದ್ದಕ್ಕೇ ಎರಡೂ ಹೋಯಿತು, ಎರಡಕ್ಕೂ ವಾರಂಟಿ ಇಲ್ಲ ಅನ್ನುತ್ತಾರೆ. ಸರಿಯಾ?

ಒಂದು ಸರಿ, ಇನ್ನೊಂದು ಅಲ್ಲ.

ಕಪ್ಲರ್ ಕರಗಿದ್ದು ಬಲ್ಬ್‌ನಿಂದಲೇ. ಲೆಕ್ಕ ನೋಡಿ. ಸಾಮಾನ್ಯವಾಗಿ ಇರುವ 60 ವ್ಯಾಟ್ ಬಲ್ಬ್ 12 ವೋಲ್ಟ್‌ನಲ್ಲಿ 5 ಆಂಪಿಯರ್ ಎಳೆಯುತ್ತದೆ. 100 ವ್ಯಾಟ್‌ನದು 8.3 ಎಳೆಯುತ್ತದೆ. ವೈರ್ ಮತ್ತು ಕಪ್ಲರ್‌ನಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗದ ಲೆಕ್ಕದಲ್ಲಿ ಏರುತ್ತದೆ. ಹಾಗಾಗಿ ಕರೆಂಟ್ ಒಂದೂಮುಕ್ಕಾಲು ಪಟ್ಟೂ ಆಗಿಲ್ಲ, ಬಿಸಿ ಮಾತ್ರ ಎರಡೂಮುಕ್ಕಾಲು ಪಟ್ಟು ದಾಟಿದೆ. ಆ ವೈರ್ ಅಷ್ಟಕ್ಕೆ ಮಾಡಿದ್ದಲ್ಲ. ಇದರ ಖರ್ಚು ನೀವೇ ಹಾಕಿಕೊಳ್ಳಿ. ಹಳೇ ವ್ಯಾಟೇಜ್‌ನ ಬಲ್ಬನ್ನೇ ವಾಪಸ್ ಹಾಕಿಸಿ.

ಟಚ್‌ಸ್ಕ್ರೀನ್ ಬೇರೆ ಮಾತು. ಸಾಮಾನ್ಯವಾಗಿ ಅದಕ್ಕೆ ಬೇರೆ ಫ್ಯೂಸ್, ಬೇರೆ ವೈರ್. 'ವೈರಿಂಗ್ ಚಿತ್ರ ತೆಗೆದು, ಹೆಡ್‌ಲೈಟ್ ವೈರ್ ಸ್ಕ್ರೀನ್‌ಗೆ ಎಲ್ಲಿ ಸೇರುತ್ತದೆ ತೋರಿಸಿ' ಅಂತ ಕೇಳಿ. ತೋರಿಸಲು ಆಗದಿದ್ದರೆ ವಾರಂಟಿ ಕೊಡಲೇಬೇಕು.

ಇದನ್ನು ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣ ಇದೆ. ಒಂದು ಸಲ ಪವರ್ ಸ್ಟೀರಿಂಗ್ ಆಗಾಗ ಬಿಗಿಯಾಗುತ್ತದೆ ಅಂತ ಒಬ್ಬರು ಬಂದರು. ಡ್ಯಾಶ್‌ಬೋರ್ಡ್ ಕೆಳಗೆ ಬಗ್ಗಿ ನೋಡಿದರೆ ವೈರ್‌ಗಳ ನಡುವೆ ಕಪ್ಪು ಟೇಪ್ ಸುತ್ತಿದ ಒಂದು ಜಾಯಿಂಟ್. ಹೊರಗೆ ಹಾಕಿಸಿದ ಸ್ಟೀರಿಯೊದ್ದು. ನಾನು ಮುಂದೆ ನೋಡಲೇ ಇಲ್ಲ, ವಾರಂಟಿ ಬರಲ್ಲ ಅಂದೆ. ಅವರು ದುಡ್ಡು ಕಟ್ಟಲು ಒಪ್ಪಿ ಕಾರು ಬಿಟ್ಟು ಹೋದರು. ಎರಡು ದಿನದ ಮೇಲೆ ಮೆಕ್ಯಾನಿಕ್ ಬಂದು ಬ್ಯಾಟರಿ ಪಕ್ಕದ ಅರ್ತಿಂಗ್ ಬೋಲ್ಟ್ ತೋರಿಸಿದ. ಅದರಡಿ ಕಾರ್ಖಾನೆಯ ಪೇಂಟ್ ಹಾಗೇ ಇತ್ತು, ಲೋಹಕ್ಕೆ ಲೋಹ ತಾಗಿರಲೇ ಇಲ್ಲ. ಪೇಂಟ್ ಉಜ್ಜಿ ಬೋಲ್ಟ್ ಬಿಗಿದ ಮೇಲೆ ಸ್ಟೀರಿಂಗ್ ಸರಿಹೋಯಿತು. ಅವರಿಗೆ ಫೋನ್ ಮಾಡಿ ಕ್ಷಮೆ ಕೇಳಿ ದುಡ್ಡು ಬೇಡ ಅಂದೆ. ಅವರೇನೂ ಬೈಯಲಿಲ್ಲ. ಆದರೆ ಆ ದಿನದಿಂದ ಟೇಪ್ ಕಂಡ ಕೂಡಲೇ ತೀರ್ಪು ಕೊಡುವುದನ್ನು ನಿಲ್ಲಿಸಿದೆ.

ಪ್ರಶ್ನೆ: ಚಕ್ರ ಹೊರಗೆ ಕಾಣಲಿ ಅಂತ ಅದರ ಹಿಂದೆ 20 ಮಿಲಿಮೀಟರ್ ದಪ್ಪದ ಲೋಹದ ಬಿಲ್ಲೆ, ಅಂದರೆ ಸ್ಪೇಸರ್ ಹಾಕಿಸಿದ್ದೇನೆ. ಮುಂದಿನ ವೀಲ್ ಬೇರಿಂಗ್ ಗುಂಯ್‌ಗುಡುತ್ತಿದೆ. ವಾರಂಟಿಯಲ್ಲಿ ಬದಲಿಸುತ್ತಾರಾ?

ಇಲ್ಲ, ಮತ್ತು ಅವರು ಹೇಳುವುದು ನ್ಯಾಯವಾಗಿದೆ. ಚಕ್ರ 20 ಮಿಲಿಮೀಟರ್ ಹೊರಗೆ ಹೋದರೆ ಕಾರಿನ ಭಾರ ಬೇರಿಂಗ್‌ನ ನಡುಭಾಗದಿಂದ ದೂರ ಸರಿದು, ಸನಿಕೆ ಹಾಕಿ ಮೀಟಿದ ಹಾಗೆ ಬೇರಿಂಗನ್ನು ಮೀಟುತ್ತಿರುತ್ತದೆ. ಬೇರಿಂಗ್ ಬದಲಿಸಿ, ಸ್ಪೇಸರ್ ತೆಗೆಸಿ. ಸ್ಪೇಸರ್ ಜೊತೆ ಉದ್ದದ ಬೋಲ್ಟ್ ಹಾಕಿದ್ದರೆ ಹಳೇ ಅಳತೆಯವನ್ನೇ ವಾಪಸ್ ಹಾಕಬೇಕು, ಇದನ್ನು ಮರೆಯಬೇಡಿ.

ಪ್ರಶ್ನೆ: ಬೆಳಿಗ್ಗೆ ಮೊದಲ ಸಲ ಹೊರಟಾಗ ಎರಡನೇ ಗೇರ್‌ನಲ್ಲಿ ಕಾರು ಎಳೆದೆಳೆದು ಓಡುತ್ತದೆ. ನಾಲ್ಕು ಸಲ ತೋರಿಸಿದೆ. ಪ್ರತಿ ಸಲವೂ 'ಚೆಕ್ ಮಾಡಿದೆವು, ಎಲ್ಲಾ ಸರಿ ಇದೆ' ಅಂತ ವಾಪಸ್ ಕಳಿಸುತ್ತಾರೆ. ಹೊರಗೆ ಹಾಕಿಸಿದ್ದು ತೊಳೆದು ಮತ್ತೆ ಬಳಸುವ ಏರ್ ಫಿಲ್ಟರ್ ಒಂದೇ. ವಾರಂಟಿ ಮುಗಿಯಲು ಎರಡು ತಿಂಗಳಿದೆ.

ನಿಮ್ಮ ಪತ್ರ ಓದಿ ಬೇಜಾರಾಯಿತು. ಆದರೆ ಎರಡು ತಿಂಗಳು ಸಾಕಷ್ಟು ಸಮಯ.

ಮೊದಲು ಫಿಲ್ಟರ್. ಎಣ್ಣೆ ಸವರಿ ಬಳಸುವ ಬಟ್ಟೆಯ ಫಿಲ್ಟರ್ ಆದರೆ ಮೂಲ ಕಾಗದದ ಫಿಲ್ಟರ್ ವಾಪಸ್ ಹಾಕಿ. ಎಣ್ಣೆ ಜಾಸ್ತಿ ಸವರಿದ್ದರೆ ಅದು ಗಾಳಿ ಅಳೆಯುವ ಸೆನ್ಸರ್‌ನ ಬಿಸಿ ತಂತಿಯ ಮೇಲೆ ಕೂರುತ್ತದೆ. ಆ ಸೆನ್ಸರ್ ಕೆಲಸ ಮಾಡುವುದೇ ತಂತಿಯನ್ನು ಗಾಳಿ ಎಷ್ಟು ತಣ್ಣಗೆ ಮಾಡಿತು ಅನ್ನುವ ಲೆಕ್ಕದ ಮೇಲೆ. ಎಣ್ಣೆ ಕೂತರೆ ಲೆಕ್ಕ ತಪ್ಪಿ, ಕಾರು ಎಳೆದೆಳೆದು ಓಡಬಹುದು. ಹಾಗಾಗಿ ಆ ಸೆನ್ಸರ್ ಸ್ವಚ್ಛ ಮಾಡಿಸಿ ಒಂದು ವಾರ ಓಡಿಸಿ. ಎಳೆತ ಹೋದರೆ ಒಳ್ಳೆಯದೇ. ಹೋಗದಿದ್ದರೆ ಫಿಲ್ಟರ್ ನೆಪ ಅವರ ಕೈತಪ್ಪಿತು.

ಆಮೇಲೆ ಜಾಬ್ ಕಾರ್ಡ್. ನಿಮ್ಮ ನಾಲ್ಕು ಜಾಬ್ ಕಾರ್ಡ್ ತೆಗೆದು ನೋಡಿ. 'ಜನರಲ್ ಚೆಕಪ್' ಅಂತ ಬರೆದಿರುವ ಸಾಧ್ಯತೆ ಜಾಸ್ತಿ. ಹಾಗೆ ಬರೆದ ಭೇಟಿ ದೂರಿನ ಲೆಕ್ಕಕ್ಕೆ ಸೇರುವುದಿಲ್ಲ. ಈ ಸಲ ಅಡ್ವೈಸರ್ ಬರೆಯುವಾಗ ಪಕ್ಕದಲ್ಲೇ ನಿಲ್ಲಿ. 'ರಾತ್ರಿಯಿಡೀ ನಿಂತ ಮೇಲೆ, ಮೊದಲ ಸ್ಟಾರ್ಟ್, ಎರಡನೇ ಗೇರ್, ಮೊದಲ ಐದು ನಿಮಿಷ ಎಳೆತ, ಐದನೇ ಸಲದ ದೂರು' ಅಂತ ನಿಮ್ಮ ಮಾತಿನಲ್ಲೇ ಬರೆಸಿ, ಹಿಂದಿನ ನಾಲ್ಕು ತಾರೀಖುಗಳನ್ನೂ ಸೇರಿಸಿ. ವಾಪಸ್ ಪಡೆಯುವಾಗ 'ಎಲ್ಲಾ ಸರಿ ಇದೆ' ಅಂದರೆ, ಏನೇನು ಟೆಸ್ಟ್ ಮಾಡಿದರು ಅನ್ನುವುದನ್ನೂ ಬರೆಸಿ. ಅವಧಿಯೊಳಗೆ ದಾಖಲಾದ ದೂರು ವಾರಂಟಿ ಮುಗಿದ ಮೇಲೂ ನಿಮ್ಮ ಕೈಹಿಡಿಯುತ್ತದೆ. ಬಾಯಿಮಾತಿನ ದೂರಿಗೆ ಆ ಬಲ ಇಲ್ಲ.

ಎಂಜಿನ್ ಲೈಟ್ ಯಾವಾಗಲಾದರೂ ಬಂದರೆ ಬ್ಯಾಟರಿ ಬಿಚ್ಚಬೇಡಿ, ಅಗ್ಗದ ಸ್ಕ್ಯಾನರ್‌ನಲ್ಲಿ ಕೋಡ್ ಅಳಿಸಲೂ ಬೇಡಿ. ದೋಷ ಬಂದ ಆ ಕ್ಷಣದಲ್ಲಿ ಎಂಜಿನ್ ಎಷ್ಟು ಬಿಸಿ ಇತ್ತು, ಎಷ್ಟು ವೇಗದಲ್ಲಿತ್ತು ಅನ್ನುವುದನ್ನು ಇಸಿಯು ಉಳಿಸಿಕೊಂಡಿರುತ್ತದೆ. ಅಳಿಸಿದರೆ ನಿಮ್ಮ ಒಳ್ಳೆಯ ಸಾಕ್ಷಿಯನ್ನು ನೀವೇ ಕಳೆದುಕೊಂಡಂತೆ.

ಮುಖ್ಯವಾದ ಮಾತು ಇನ್ನೊಂದಿದೆ. ನಿಮ್ಮ ಕಾರು ಕೈಕೊಡುವುದು ತಣ್ಣಗಿದ್ದಾಗ. ನೀವು ಓಡಿಸಿಕೊಂಡು ಹೋಗಿ ಬಿಡುವಷ್ಟರಲ್ಲಿ ಅದು ಬಿಸಿಯಾಗಿರುತ್ತದೆ. ಮೆಕ್ಯಾನಿಕ್‌ಗೆ ಸಿಗುವುದು ಸರಿಯಿರುವ ಕಾರೇ. ಸಂಜೆಯೇ ತಂದು ಬಿಡಿ, ರಾತ್ರಿ ಅಲ್ಲೇ ನಿಲ್ಲಲಿ. ಬೆಳಿಗ್ಗೆ ನೀವು ಬರುವವರೆಗೆ ಯಾರೂ ಸ್ಟಾರ್ಟ್ ಮಾಡಬಾರದು ಅಂತ ಜಾಬ್ ಕಾರ್ಡ್‌ನಲ್ಲೇ ಬರೆಸಿ. ಆಮೇಲೆ ಮೆಕ್ಯಾನಿಕ್‌ನನ್ನು ಪಕ್ಕದ ಸೀಟಿನಲ್ಲಿ ಸ್ಕ್ಯಾನರ್ ಸಮೇತ ಕೂರಿಸಿಕೊಂಡು ನೀವೇ ಓಡಿಸಿ.