ಡ್ಯೂಟಿ ಮುಗಿದ್ರೂ ಮನಸ್ಸು ಜೈಲಲ್ಲೇ ಇರುತ್ತೆ, ಏನ್ ಮಾಡ್ಲಿ?

ಪ್ರಶ್ನೆ: ನಾನು ಜೈಲು ವಾರ್ಡರ್. ಕೆಲವು ತಿಂಗಳ ಹಿಂದೆ ನನ್ನ ಶಿಫ್ಟಲ್ಲೇ ಒಬ್ಬ ಕೈದಿ ಜೀವ ತಗೊಳ್ಳೋಕೆ ಹೋದ, ಹೇಗೋ ಉಳಿಸಿದ್ವಿ. ಅವತ್ತಿಂದ ಮನೇಲಿ ಬಾಗಿಲು ಸದ್ದಾದ್ರೂ ಬೆಚ್ಚಿಬೀಳ್ತೀನಿ, ಮಕ್ಕಳ ಮೇಲೆ ರೇಗ್ತೀನಿ, ರಾತ್ರಿ ಕುಡೀದೆ ನಿದ್ದೆ ಬರಲ್ಲ. ಯೂನಿಫಾರ್ಮ್ ಹಾಕಿದ್ಮೇಲೆ ಗಟ್ಟಿ ಇರ್ಬೇಕು ಅಂತಾರೆ ಸೀನಿಯರ್ಸ್. ಗಟ್ಟಿ ಆಗೋದು ಹೇಗೆ ಸರ್?

ಉತ್ತರ: ನೀವು ಒಂದು ಜೀವ ಉಳಿಸಿದ್ದೀರಿ. ಇದನ್ನ ನಿಮಗೆ ಯಾರೂ ಹೇಳಿರಲಿಕ್ಕಿಲ್ಲ, ಅದಕ್ಕೇ ಮೊದಲು ಹೇಳ್ತಿದೀನಿ.

ನೀವು ಮೆತ್ತಗಾಗಿದ್ದೀರಿ ಅಂತಲ್ಲ. ಯಾರ ಕೈಯಲ್ಲಿ ಏನಿದೆ, ಯಾರು ಇದ್ದಕ್ಕಿದ್ದಂಗೆ ಸುಮ್ನಾಗಿದ್ದಾರೆ ಅಂತ ಇಡೀ ಶಿಫ್ಟ್ ಕಣ್ಣಲ್ಲಿ ಕಣ್ಣಿಟ್ಟು ನೋಡೋ ದೇಹ ಗೇಟ್ ದಾಟಿದ ತಕ್ಷಣ ತಣ್ಣಗಾಗಲ್ಲ, ಅದರ ಮೇಲೆ ಇಂಥ ಘಟನೆ ಬೇರೆ. ಬೆಚ್ಚಿಬೀಳೋದು, ಸಿಡುಕು, ನಿದ್ದೆಗೇಡು ಒಂದು ತಿಂಗಳು ದಾಟಿದ್ರೆ, ಆಘಾತದ ನಂತರ ಕಾಡೋ ಮಾನಸಿಕ ಕಾಯಿಲೆ ಪಿಟಿಎಸ್‌ಡಿ ಇದೆಯಾ ಅಂತ ತೋರಿಸ್ಕೊಳ್ಳಲೇಬೇಕು. ನಿಮಗೇ ಏಟು ಬಿದ್ದಿರಬೇಕು ಅಂತೇನಿಲ್ಲ, ಕಣ್ಣಾರೆ ಕಂಡ್ರೂ ಬರುತ್ತೆ. ಮಾನಸಿಕ ಕಾಯಿಲೆ ಗುರುತಿಸೋಕೆ ಡಾಕ್ಟರ್‌ಗಳು ಬಳಸೋ ಅಮೆರಿಕದ ಕೈಪಿಡಿ, 2013ರ ಡಿಎಸ್‌ಎಂ-5ರಲ್ಲಂತೂ ಕೆಲಸದ ಭಾಗವಾಗಿ ಇಂಥ ಘಟನೆಗಳ ಭೀಕರ ವಿವರಗಳನ್ನ ಮತ್ತೆ ಮತ್ತೆ ಎದುರಿಸೋರನ್ನೂ ಸೇರಿಸಿದ್ದಾರೆ.

ಇದಕ್ಕೆ ಒಳ್ಳೆ ಚಿಕಿತ್ಸೆ ಇದೆ. ಟ್ರಾಮಾಗೆ (ಮನಸ್ಸಿನ ಆಘಾತಕ್ಕೆ) ಅಂತಲೇ ಇರೋ ಸಿಬಿಟಿ (ಯೋಚನೆ, ನಡವಳಿಕೆ ಬದಲಿಸೋಕೆ ಕಲಿಸೋ ಮಾತಿನ ಚಿಕಿತ್ಸೆ), ಇಎಂಡಿಆರ್ (ಕಣ್ಣು ಅತ್ತಿತ್ತ ಆಡಿಸ್ತಾ ಆ ನೆನಪನ್ನ ಎದುರಿಸೋ ಚಿಕಿತ್ಸೆ) ಎರಡೂ ಚೆನ್ನಾಗಿ ಕೆಲಸ ಮಾಡುತ್ತೆ. ಆದ್ರೆ ಘಟನೆ ಆದ ಕೂಡ್ಲೇ ಎಲ್ರನ್ನೂ ಕೂರಿಸಿ ಬಲವಂತವಾಗಿ ಬಾಯಿ ಬಿಡಿಸೋ ಒಂದೇ ಸಿಟ್ಟಿಂಗ್ ಮಾಡ್ತಾರಲ್ಲ, ಅದನ್ನ ಈಗ ಪ್ರಮುಖ ಚಿಕಿತ್ಸಾ ಮಾರ್ಗಸೂಚಿಗಳು ಶಿಫಾರಸು ಮಾಡಲ್ಲ. ನಂಬಿಕಸ್ತ ಸಹೋದ್ಯೋಗಿ ಜೊತೆ ನಿಮಗೆ ಮಾತಾಡ್ಬೇಕು ಅನ್ಸಿದಾಗ ಮಾತಾಡಿ, ಸಾಕು.

ಕುಡಿತ ಬೇಗ ನಿದ್ದೆ ಬರಿಸುತ್ತೆ ನಿಜ, ಆದ್ರೆ ಮಧ್ಯರಾತ್ರಿ ಆದ್ಮೇಲೆ ಆ ನಿದ್ದೆನ ಒಡೆದುಹಾಕುತ್ತೆ, ಬೆಳಿಗ್ಗೆ ನೀವು ಇನ್ನೂ ಸುಸ್ತಾಗಿ ಡ್ಯೂಟಿಗೆ ಹೋಗ್ತೀರಿ. ಸುಸ್ತಾದವನ ಕಣ್ಣಿಗೆ ಜಗಳದ ಮುನ್ಸೂಚನೆ ಬೀಳಲ್ಲ, ಇಲ್ಲಾಂದ್ರೆ ಸಣ್ಣದಕ್ಕೇ ಕೈ ಮುಂದಾಗುತ್ತೆ, ಎರಡೂ ಅಪಾಯನೇ. ಅದಕ್ಕೆ ಕೆಲವು ವಾರ ನೈಟ್ ಶಿಫ್ಟ್ ಬೇಡ, ಒಂಟಿ ಡ್ಯೂಟಿ ಬೇಡ ಅಂತ ಕೇಳಿ. ಇದರಲ್ಲಿ ನಾಚಿಕೆ ಪಡೋದೇನೂ ಇಲ್ಲ, ನಿಮ್ಮ ಜೊತೆಗಿರೋರ ಸೇಫ್ಟಿನೂ ಇದರಲ್ಲೇ ಇದೆ.

ಬದುಕೇ ಬೇಡ ಅನ್ನೋ ಯೋಚನೆ ಒಂದ್ಸಲ ಬಂದ್ರೂ ಸರ್ವಿಸ್ ವೆಪನ್ ಇದ್ರೆ ಅವತ್ತೇ ವಾಪಸ್ ಕೊಟ್ಟುಬಿಡಿ, ಒಬ್ರೇ ಇರಬೇಡಿ, ಆಸ್ಪತ್ರೆಗೆ ಹೋಗಿ. ಮತ್ತೆ ಡಾಕ್ಟರ್ ಹತ್ರ ಬರೀ ನಿದ್ದೆ ಬರಲ್ಲ ಅಂತ ಹೇಳಿ ಬರಬೇಡಿ, ಆ ಘಟನೆನೂ ಹೇಳಿ, ಎಷ್ಟು ಕುಡೀತೀರಿ ಅನ್ನೋದನ್ನೂ ಮುಚ್ಚಿಡದೆ ಹೇಳಿ, ಯಾಕಂದ್ರೆ ಕುಡಿತದ ಜೊತೆ ನಿದ್ದೆ ಮಾತ್ರೆ ಸೇರಿದ್ರೆ ಉಸಿರಾಟಕ್ಕೇ ತೊಂದ್ರೆ ಆಗಬಹುದು, ದಿನಾ ಜಾಸ್ತಿ ಕುಡಿಯೋರು ಒಮ್ಮೆಲೇ ನಿಲ್ಲಿಸೋದೂ ಅಪಾಯ, ಹೇಗೆ ಕಮ್ಮಿ ಮಾಡ್ಬೇಕು ಅಂತ ಅವರನ್ನೇ ಕೇಳಿ.