ಪ್ರತಿಕ್ರಿಯೆ: ಸಿಂಧನೂರು ಕಡೆ ಕೃಷಿಹೊಂಡದಾಗ ಬೆಳಗಾದ್ರ ಮೀನು ಸತ್ತು ತೇಲ್ತಾವ, ಏನ್ ಮಾಡ್ಬೇಕು?

ನೀರು ದಟ್ಟ ಹಸಿರು, ಹಗಲೆಲ್ಲ ಚಲೋ ಆಡೋ ಕಾಟ್ಲಾ ಮೀನು ನಸುಕಿನಾಗ ಮ್ಯಾಲೆ ಬಂದು ಬಾಯಿ ಬಾಯಿ ತೆಗೀತಾವ, ಮೋಡ ಮುಚ್ಚಿದ ಮರುದಿನ ಜಾಸ್ತಿ ಸಾಯ್ತಾವ ಅಂದೀರಿ, ಅಂದ್ರ ಇದು ಬಹುತೇಕ ಆಕ್ಸಿಜನ್ ಕೊರತೆ, ರೋಗ ಇರಲಿಕ್ಕಿಲ್ಲ. ಆ ಹಸಿರೆಲ್ಲ ಪಾಚಿ. ಬಿಸಿಲಿದ್ದಾಗ ದ್ಯುತಿಸಂಶ್ಲೇಷಣೆ ಮಾಡಿ ನೀರಿಗೆ ಆಕ್ಸಿಜನ್ ಬಿಡ್ತೈತಿ, ಕತ್ತಲಾದ್ಮ್ಯಾಲೆ ಆ ಕೆಲಸ ಬಂದ್, ಆದ್ರ ಉಸಿರಾಟ ನಿಲ್ಲಂಗಿಲ್ಲ, ಮೀನಿನ ಜೋಡಿ ಪಾಚಿನೂ ತಳದ ಕೆಸರಿನ ಬ್ಯಾಕ್ಟೀರಿಯಾನೂ ಅದೇ ಆಕ್ಸಿಜನ್ ಎಳ್ಕೊಂತಾವ, ಹೊತ್ತು ಹುಟ್ಟೋದ್ರಾಗ ಖಾಲಿ. ಮೋಡದ ದಿನ ಜಮಾ ಆಗೋದೇ ಕಮ್ಮಿ.

ಮೊದ್ಲು ಇವತ್ತೇ ಫೀಡು, ಸಗಣಿ, ಯೂರಿಯಾ ಎಲ್ಲ ನಿಲ್ಲಿಸ್ರಿ. ನಡುರಾತ್ರಿಯಿಂದ ಬಿಸಿಲು ಬೀಳೋತನ ಏರೇಟರ್ (ನೀರಿಗೆ ಗಾಳಿ ಬೆರೆಸೋ ಯಂತ್ರ) ಹಾಕ್ರಿ, ಇಲ್ಲಾಂದ್ರ ಮೋಟರ್ ಹಚ್ಚಿ ಅದೇ ಹೊಂಡದ ನೀರು ಎತ್ತಿ ಮ್ಯಾಲಿಂದ ಚಿಮ್ಮಿಸ್ರಿ. ಬೋರಿನ ನೀರು ಬಿಟ್ರೂ ಹಂಗ ಎತ್ತರದಿಂದಾನೇ ಬೀಳಬೇಕು, ನೆಲದಾಗಿಂದ ಬರೋ ನೀರಿನಾಗ ಆಕ್ಸಿಜನ್ ಕಮ್ಮಿ ಇರ್ತೈತಿ. ಆಮ್ಯಾಲೆ ಕಾಲುವಿ ನೀರು ಬಂದಾಗ ಕಾಲುಭಾಗದಷ್ಟು ಬದಲಿಸ್ರಿ, ಭತ್ತದ ಗದ್ದಿಯ ಬಸಿನೀರು ಮಾತ್ರ ಬ್ಯಾಡ, ಅದ್ರಾಗ ಗೊಬ್ಬರ ಔಷಧ ಎಲ್ಲಾ ಇರ್ತಾವ.

ಪಾಚಿ ಕೊಲ್ಲಾಕ ಮೈಲುತುತ್ತ (ಕಾಪರ್ ಸಲ್ಫೇಟ್) ಸುರೀರಿ ಅಂತ ಯಾರರ ಹೇಳಿದ್ರ ಕೇಳಬ್ಯಾಡ್ರಿ. ಪಾಚಿ ಒಮ್ಮೆಲೇ ಸತ್ತು ಕೊಳೀತೈತಿ, ಇದ್ದ ಆಕ್ಸಿಜನ್ನೂ ಹೋಗ್ತೈತಿ.

ನೀರಿನಾಗಿನ ಆಕ್ಸಿಜನ್ ಅಳೆಯೋ ಟೆಸ್ಟ್ ಕಿಟ್ ಸಿಕ್ರ ನಸುಕಿನಾಗ ನೋಡ್ರಿ: ಆಕ್ಸಿಜನ್ ಲೀಟರಿಗೆ 5 ಮಿಲಿಗ್ರಾಂ ಮ್ಯಾಲಿದ್ರ ಚಿಂತಿಲ್ಲ, 3ರ ಕೆಳಗಿದ್ರ ಕಾರಣ ಇದೇ. ಮಧ್ಯಾಹ್ನನೂ ಸಾಯಾಕತ್ತಿದ್ರ, ಇಲ್ಲಾ ಮೈಮ್ಯಾಲೆ ಕೆಂಪು ಗಾಯ ಇದ್ರ ಕಾರಣ ಬ್ಯಾರೆ ಇರಬಹುದು, ಆವಾಗ ಜೀವ ಇರೋ ಒಂದು ಮೀನು, ಒಂದು ಬಾಟ್ಲಿ ನೀರು ತಗೊಂಡು ಮೀನುಗಾರಿಕೆ ಇಲಾಖೆ ಆಫೀಸಿಗೆ ಹೋಗ್ರಿ.